ಎಲ್ಲವನ್ನೂ ಬಿಗಿ ಮಾಡುತ್ತಿದ್ದ ಭಾವ

ಆ ಭಾನುವಾರ ಬೆಳಗ್ಗೆಯೂ ಎಂದಿನಂತೆ ಬಾಗಿಲಿಗೆ ನೀರು ಹಾಕಿ, ನಾಲ್ಕೆಳೆ ರಂಗೋಲಿ ಬಿಟ್ಟು, ಫಿಲ್ಟರಿಗೆ ಕಾಫಿಪುಡಿ ಹಾಕಿ ಬಿಸಿನೀರು ಸುರಿದೆ. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಜಾಡಿಯಲ್ಲಿದ್ದ ನಿಂಬೆಕಾಯಿ ಉಪ್ಪಿನಕಾಯಿಯನ್ನು ಬಾಟಲಿಗೆ ತುಂಬೋಣವೆಂದು ಕೂತೆ. ಬಾಟಲಿಯ ಸ್ವಂತ ಮುಚ್ಚಳ ಒಡೆದುಹೋಗಿತ್ತು. ಬೇರೊಂದು ಬಾಟಲಿಯದನ್ನು ಹಾಕಿ ತಿರುಗಿಸಿದೆ. ಕೊನೆಯವರೆಗೂ ತಿರುಗಿ ಗಟ್ಟಿಯಾಗಿ ನಿಂತಿತು. ಮಗುಚಿ ನೋಡಿದರೆ ರಸ ಜಿನುಗಿತು. ಇನ್ನಷ್ಟು ಬಲ ಹಾಕಿದೆ. ಅಂಗೈ ಕೆಂಪಾಯಿತೇ ಹೊರತು ಮುಚ್ಚಳ ಅಲುಗಲಿಲ್ಲ, ರಸವೂ ನಿಲ್ಲಲಿಲ್ಲ. ಒರೆಸಿ ಬದಿಗಿಟ್ಟೆ. ಅಷ್ಟರಲ್ಲಿ ಹಿತ್ತಿಲ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಭಾವ ಬಂದಿದ್ದರು.

ಕಾಫಿ ಲೋಟ ಹಿಡಿದ ಅವರ ಉಗುರುಗಳ ಮೇಲೆ ನನ್ನ ಕಣ್ಣು ಹೋಗುವುದು ಹೊಸದೇನಲ್ಲ. ನೆಂಟರಿಷ್ಟರ ಸಾಮಾನುಗಳನ್ನೆಲ್ಲ ಮೂವತ್ತು ವರ್ಷ ಬಿಚ್ಚಿ ಜೋಡಿಸಿದ್ದೇನೆ ಎನ್ನುವ ಮನುಷ್ಯನ ಉಗುರು ಅಷ್ಟು ಬೆಳ್ಳಗಿರಬಾರದು. ದೇವರ ಕೋಣೆಯಿಂದ ಈಗಷ್ಟೇ ಎದ್ದು ಬಂದ ಪುರೋಹಿತರ ಉಗುರಿನ ಹಾಗಿರುತ್ತಿತ್ತು. ಕಾರಣ ಸರಳ. ಗ್ರೀಸು ಹತ್ತುವ ಭಾಗವನ್ನು ಯಾವಾಗಲೂ ಬೇರೆಯವರು ಹಿಡಿದುಕೊಂಡಿರುತ್ತಿದ್ದರು. ಭಾವ ಸ್ಟೂಲಿನ ಮೇಲೆ ಕೂತು ಸ್ಪ್ಯಾನರ್ ಮಾತ್ರ ಹಿಡಿಯುತ್ತಿದ್ದರು. ಅದಕ್ಕೂ ತಮ್ಮ ಹೆಂಡತಿಯ ಹಳೆಯ ರವಿಕೆಯ ತುಂಡೊಂದನ್ನು ಸುತ್ತಿರುತ್ತಿದ್ದರು.

ಹೊಳೆನರಸೀಪುರದಲ್ಲಿ ನಮ್ಮದು ಒಂದೇ ಹಳೆಯ ಮನೆಯನ್ನು ಎರಡು ಮಾಡಿಕೊಂಡ ಮನೆ. ನಡುಗೋಡೆಯ ಆ ಕಡೆ ನನ್ನ ಗಂಡನ ಅಣ್ಣ, ಅಂದರೆ ಈ ಭಾವ, ಮತ್ತು ಅವರ ಹೆಂಡತಿ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಈ ಕಡೆ ನಾವು ಮೂವರು: ನಾನು, ಹೈಸ್ಕೂಲು ಮೇಷ್ಟರಾದ ನಮ್ಮವರು, ಮಗಳು ರೋಹಿಣಿ. ಹಿತ್ತಿಲು ಇಬ್ಬರಿಗೂ ಒಂದೇ. ಊರಿನಲ್ಲಿ ಭಾವನಿಗೆ ಫೋರ್‌ಮನ್ ರಂಗಸ್ವಾಮಿ ಎಂದು ಹೆಸರು. ಯಾವಾಗಲೋ ಚನ್ನರಾಯಪಟ್ಟಣದ ಒಂದು ಅಕ್ಕಿ ಗಿರಣಿಯಲ್ಲಿ ಅವರು ಹನ್ನೊಂದು ತಿಂಗಳು ಫೋರ್‌ಮನ್ ಆಗಿದ್ದರಂತೆ. ಹನ್ನೆರಡನೆಯ ತಿಂಗಳು ಯಾಕೆ ಇರಲಿಲ್ಲ ಎಂದು ಯಾರಾದರೂ ಕೇಳಿದರೆ, "ನನ್ನ ಲೆವೆಲ್ಲು ಅವರಿಗೆ ಅರ್ಥ ಆಗಲಿಲ್ಲ" ಎನ್ನುತ್ತಿದ್ದರು. ಆಮೇಲೆ ಜೀವನ ಪೂರ್ತಿ ತೆಂಗಿನ ತೋಟದ ಕಾಯಿ ಬಂದು ಅವರನ್ನು ಸಾಕಿತು. ಫೋರ್‌ಮನ್ ಎನ್ನುವುದು ಮಾತ್ರ ಹೆಸರಿಗೆ ಅಂಟಿಕೊಂಡು ಉಳಿಯಿತು.

ರಿಪೇರಿಗೆ ಕೂರುವ ಮೊದಲು ಅವರಿಗೆ ಮೂರು ಬೇಕಿತ್ತು: ಒಂದು ಸ್ಟೂಲು, ಒಂದು ಲೋಟ ಕಾಫಿ, ಕನಿಷ್ಠ ಇಬ್ಬರು ನೋಡುವವರು. ಸ್ಪ್ಯಾನರಿನಿಂದ ಸಾಮಾನನ್ನು ಎರಡು ಸಲ ತಟ್ಟಿ, ಕಣ್ಣು ಮುಚ್ಚಿ, ಕಿವಿ ಕೊಟ್ಟು ಕೇಳುತ್ತಿದ್ದರು. ಹೊಲಿಗೆ ಮೆಷಿನ್ ಇರಲಿ, ನೀರಿನ ನಲ್ಲಿ ಇರಲಿ, ದೇವರ ಮನೆಯ ತೂಗುದೀಪದ ಸರಪಳಿಯೇ ಇರಲಿ, ಕೇಳಿಸಿಕೊಂಡ ಮೇಲೆ ಹೊರಡುತ್ತಿದ್ದ ತೀರ್ಪು ಒಂದೇ: "ಬಿಗಿ ಸಾಲ್ದು." ಆಮೇಲೆ ಮುಖ ಕೆಂಪಾಗುವವರೆಗೆ ಬಿಗಿ ಮಾಡಿ, ಸಾಮಾನಿಗೆ, "ಹೂಂ, ಈಗ ಮಾತಾಡು ನೋಡೋಣ" ಎನ್ನುತ್ತಿದ್ದರು. ಸಾಮಾನು ಮಾತಾಡದಿದ್ದರೆ ತಪ್ಪು ಅದನ್ನು ಉಪಯೋಗಿಸುವವರದು. "ಯಂತ್ರ ಸುಳ್ಳು ಹೇಳಲ್ಲಮ್ಮ. ಮನುಷ್ಯ ಹೇಳ್ತಾನೆ." ಈ ಮಾತನ್ನು ನಾನು ಮದುವೆಯಾಗಿ ಬಂದ ವಾರದಲ್ಲೇ ಕೇಳಿದ್ದೆ. ಅವರು ಬಿಗಿ ಮಾಡಿದ್ದ ನಲ್ಲಿಯನ್ನು ತಿರುಗಿಸಲಾರದೆ ನಾನು ಬಚ್ಚಲಲ್ಲಿ ನಿಂತಿದ್ದಾಗ.

ಅಕ್ಕನ ತವರು ಚನ್ನರಾಯಪಟ್ಟಣ. ಅಲ್ಲಿ ಅಕ್ಕನ ತಾಯಿ, ಎಪ್ಪತ್ತು ದಾಟಿದ ಮಡಿ ಹೆಂಗಸು, ದೋಸೆಗೆ ಇಡ್ಲಿಗೆ ತಾವೇ ರುಬ್ಬುತ್ತಿದ್ದರು. ಅವರ ಗ್ರೈಂಡರು ನಿಂತುಹೋದಾಗ ಅಳಿಯಂದಿರು ಹೋಗಿ ಬಿಚ್ಚಿ, ಬಿಗಿ ಮಾಡಿ ಬಂದರು. ಗ್ರೈಂಡರು ತಿರುಗಿತು. ಜೊತೆಗೆ ಮುಟ್ಟಿದವರಿಗೆಲ್ಲ ಕರೆಂಟು ಹೊಡೆಯತೊಡಗಿತು. ಫೋನಿನಲ್ಲಿ ಭಾವ ಹೇಳಿದರು: "ನೆಲದಲ್ಲಿ ತೇವ ಇದೆ ಅತ್ತೆ, ಗ್ರೈಂಡರಿಂದೇನೂ ತಪ್ಪಿಲ್ಲ. ಕಾಲಿಗೆ ರಬ್ಬರ್ ಚಪ್ಪಲಿ ಹಾಕ್ಕೊಳಿ." ಮಡಿಯಲ್ಲಿ ಚಪ್ಪಲಿ ಹಾಕುವುದುಂಟೇ? "ಹಾಗಾದ್ರೆ ಊಟದ ಮಣೆ ಮೇಲೆ ನಿಂತ್ಕೊಳಿ."

ಒಂದು ಸಲ ಆ ಮನೆಗೆ ಸೀಮಂತಕ್ಕೆ ಹೋದಾಗ ನಾನೇ ಕಣ್ಣಾರೆ ನೋಡಿದೆ. ಗಿಡ್ಡನೆಯ ಅಜ್ಜಿ ಒದ್ದೆ ಸೀರೆಯಲ್ಲಿ ಮಣೆಯ ಮೇಲೆ ನಿಂತು, ಶಾಲೆಯಲ್ಲಿ ಪದ್ಯ ಒಪ್ಪಿಸುವ ಮಗುವಿನ ಹಾಗೆ ಎರಡೂ ಪಾದ ಜೋಡಿಸಿ, ಮರದ ಸೌಟಿನಿಂದ ಹಿಟ್ಟು ತಳ್ಳುತ್ತಿದ್ದರು. ಸಹಾಯಕ್ಕೆ ಹೋದ ನನ್ನನ್ನು ತಡೆದು, "ಮಣೆ ಇಲ್ದೆ ಮುಟ್ಟಬೇಡ ಕಣೇ ಶಾರದಾ, ಅಳಿಯಂದಿರು ಹೇಳಿದಾರೆ" ಎಂದರು. ಆ ಮಾತಿನಲ್ಲಿ ಹೆಮ್ಮೆ ಇತ್ತು. ಹಾಗೆ ಅವರು ಎಂಟು ವರ್ಷ ರುಬ್ಬಿದರು. ಭಾವ ಆ ಮಣೆಯನ್ನೂ ತಮ್ಮ ಲೆಕ್ಕದ ರಿಪೇರಿಗಳಲ್ಲಿ ಸೇರಿಸಿಕೊಂಡಿದ್ದರು.

ನಾನು ಅವರನ್ನು ದ್ವೇಷಿಸುತ್ತಿದ್ದೆ ಎಂದು ಯಾರೂ ತಿಳಿಯಬಾರದು. ದ್ವೇಷಿಸಬೇಕಾದರೆ ಎದುರಿಗಿರುವವರಲ್ಲಿ ಒಂದಿಷ್ಟು ತೂಕವಾದರೂ ಇರಬೇಕು. ಇವರಲ್ಲಿ ನನಗೆ ಅದು ಕಾಣಲಿಲ್ಲ. ಹಾಸನದ ಕಾನ್ವೆಂಟಿನಲ್ಲಿ ನಮಗೆ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್, ಸೂಜಿಯನ್ನು ಕೈಗೆ ತೆಗೆದುಕೊಳ್ಳುವ ಮೊದಲು ಬಟ್ಟೆಯನ್ನು ಬೆಳಕಿಗೆ ಹಿಡಿಸಿ ಐದು ನಿಮಿಷ ಸುಮ್ಮನೆ ನೋಡಿಸುತ್ತಿದ್ದರು. ನೋಡದೆ ಕೈ ಹಾಕುವುದು ಹನ್ನೊಂದು ವರ್ಷದ ಹುಡುಗಿಯರಿಗೇ ನಾಚಿಕೆಗೇಡು ಎಂದು ನಾನು ಕಲಿತಿದ್ದೆ. ಈ ಮನೆಯಲ್ಲಿ ಐವತ್ತೈದರ ಗಂಡಸೊಬ್ಬರು ಕಣ್ಣು ಮುಚ್ಚಿಕೊಂಡೇ ರಿಪೇರಿ ಮಾಡುತ್ತಿದ್ದರು, ಎದುರಿಗೆ ನಿಂತು ನಾವು ಕಾಫಿ ಕೊಡುತ್ತಿದ್ದೆವು.

ಇನ್ನು ಸೈಕಲ್ಲಿನ ಮಾತು. ರೋಹಿಣಿ ಹತ್ತನೆಯ ತರಗತಿಗೆ ಬಂದಾಗ ನಮ್ಮವರು ಅವಳಿಗೊಂದು ಹೊಸ ಲೇಡೀಸ್ ಸೈಕಲ್ ಕೊಡಿಸಿದ್ದರು. ತೊಂಬತ್ತರ ದಶಕದ ಕೊನೆಯ ಮಾತಿದು. ಲೆಕ್ಕದ ಟ್ಯೂಷನ್ನಿಗೆ ಅವಳು ಹೇಮಾವತಿ ಸೇತುವೆ ದಾಟಿ ಆ ಕಡೆಗೆ ಹೋಗಬೇಕಿತ್ತು. ಆ ಹೊತ್ತಿಗೆ ಬಸ್ಸಿಲ್ಲ. ಸೈಕಲ್ ಇದ್ದರೆ ಟ್ಯೂಷನ್, ಇಲ್ಲದಿದ್ದರೆ ಇಲ್ಲ. ಲೆಕ್ಕವೊಂದನ್ನು ಬಿಟ್ಟರೆ ಉಳಿದದ್ದರಲ್ಲೆಲ್ಲ ಅವಳು ಜಾಣೆ. ಲೆಕ್ಕದಲ್ಲಿ ಮಾತ್ರ ಅವಳಿಗೆ ಆ ಟ್ಯೂಷನ್ ಮೇಷ್ಟರ ಕೈ ಹಿಡಿದೇ ದಾಟಬೇಕಿತ್ತು.

ಆ ವರ್ಷದ ಆಯುಧಪೂಜೆಗೆ ಭಾವ ಎಂದಿನಂತೆ ಎರಡೂ ಮನೆಯ ಗಾಡಿ, ಕತ್ತರಿ, ಈಳಿಗೆ, ನನ್ನ ಹೊಲಿಗೆ ಮೆಷಿನ್ ಎಲ್ಲವನ್ನೂ ಹಿತ್ತಿಲಿನಲ್ಲಿ ಸಾಲಾಗಿ ನಿಲ್ಲಿಸಿದರು. ರೋಹಿಣಿಗೆ ಒಂದು ಉಡುಗೊರೆಯೂ ಬಂದಿತ್ತು. ಹಾಸನದಿಂದ ತಂದ ಎರಡು ನಟ್ಟುಗಳು. ಸಾಮಾನ್ಯ ನಟ್ಟಿನ ಹಾಗೆ ಎರಡೂ ಕಡೆ ತೂತಿಲ್ಲ, ಒಂದು ಕಡೆ ಮುಚ್ಚಿ ಗುಮ್ಮಟದಂತೆ ಉಬ್ಬಿ ಫಳಫಳ ಹೊಳೆಯುತ್ತಿದ್ದವು. ಮುಂದಿನ ಚಕ್ರದ ಅಚ್ಚಿನ ಎರಡೂ ತುದಿಗೆ ಅವನ್ನು ಹಾಕಿ, ಬಿಗಿ ಮಾಡಿ, ಮೇಲೊಂದು ಕುಂಕುಮದ ಬೊಟ್ಟು ಇಟ್ಟರು. ಹಳೆಯ ನಟ್ಟು ಮತ್ತು ಹಲ್ಲು ಹಲ್ಲಾಗಿದ್ದ ದಪ್ಪ ವಾಷರುಗಳನ್ನು ಪಡಸಾಲೆಯ ಮೇಲೆ ಎಸೆದು, "ಇವೆಲ್ಲ ಕಂಪನಿಯೋರು ತೂಕಕ್ಕೆ ಹಾಕೋದು. ಗುಜರಿಗೆ ಹಾಕು" ಎಂದರು. ನಾನು ಹಾಕಲಿಲ್ಲ. ಭಾವ ಬೇಡವೆಂದು ಎಸೆದದ್ದನ್ನೆಲ್ಲ ಒಂದು ಖಾಲಿ ಕಾಫಿಪುಡಿ ಡಬ್ಬಿಯಲ್ಲಿ ಎತ್ತಿಡುವುದು ನನ್ನ ಹಳೆಯ ಅಭ್ಯಾಸ. ಅವರು ಎಸೆದದ್ದೇ ಬೇಕಾದದ್ದಾಗಿರುತ್ತದೆ ಎನ್ನುವುದು ಆ ಹೊತ್ತಿಗೆ ನನಗೆ ಗೊತ್ತಾಗಿತ್ತು.

ಮೂರನೆಯ ದಿನವೇ ರೋಹಿಣಿ ಸೈಕಲ್ ತಳ್ಳಿಕೊಂಡು ಬಂದಳು. ಬ್ರೇಕ್ ಹಿಡಿದಾಗ ಮುಂದಿನ ಚಕ್ರ ಒಂದು ಪಕ್ಕಕ್ಕೆ ವಾಲಿ, ಅದನ್ನು ಹಿಡಿದಿರುವ ಕವಲಿಗೆ, ಅಂದರೆ ಫೋರ್ಕಿಗೆ, ಉಜ್ಜಿ ನಿಂತುಬಿಟ್ಟಿತ್ತಂತೆ. ಭಾವ ಸ್ಟೂಲು ತರಿಸಿದರು. ತಟ್ಟಿದರು, ಕೇಳಿದರು. ಹ್ಯಾಂಡಲ್ ಸೊಟ್ಟ ಎಂದರು. ಚಕ್ರವನ್ನು ರೋಹಿಣಿಯ ಮಂಡಿಗಳ ನಡುವೆ ಹಿಡಿಸಿ ಹ್ಯಾಂಡಲ್ ತಿರುಗಿಸಿ ನೆಟ್ಟಗೆ ಮಾಡಿದರು, ಎಲ್ಲ ನಟ್ಟು ಬಿಗಿ ಮಾಡಿದರು. ನಾಲ್ಕು ದಿನಕ್ಕೆ ಮತ್ತೆ ವಾಲಿತು. ಈ ಸಲ ಚಕ್ರದ ಕಡ್ಡಿಗಳು ಸಡಿಲ ಎಂದರು. ವೀಣೆ ಮೀಟುವಂತೆ ಒಂದೊಂದು ಕಡ್ಡಿಯನ್ನೂ ಮೀಟಿ ಮೀಟಿ ಕೇಳಿ, ಬಿಗಿ ಮಾಡಿದರು. ಎರಡು ದಿನಕ್ಕೆ ವಾಲಿತು. ಆಗ ತಪ್ಪು ಸೈಕಲ್ಲಿನಿಂದ ಇಳಿದು ಮಗುವಿನ ಮೇಲೆ ಹತ್ತಿತು.

"ಬ್ಯಾಗ್ ಎಡಗಡೆ ಹ್ಯಾಂಡಲ್‌ಗೆ ನೇತು ಹಾಕ್ತಾಳೆ. ಚಕ್ರ ಎಡಕ್ಕೆ ಹೋಗದೆ ಬಲಕ್ಕೆ ಹೋಗುತ್ತಾ?"

ಬ್ಯಾಗನ್ನು ಹಿಂದಿನ ಕ್ಯಾರಿಯರಿಗೆ ನಾನೇ ಕಟ್ಟಿದೆ. ಆದರೂ ವಾಲಿತು. ಸೇತುವೆಯ ಇಳಿಜಾರಿನಲ್ಲಿ ಅವಳು ಮುಗ್ಗರಿಸಿ ಬಿದ್ದು ಗಲ್ಲ ತರಚಿಕೊಂಡು ಬಂದಳು. ಹಿಂದೆ ಲಾರಿ ಬರುತ್ತಿರಲಿಲ್ಲ, ಅಷ್ಟೇ.

ಸೈಕಲ್ ಅಂಗಡಿಗೆ ಒಯ್ಯಿ ಎಂದು ಯಾರಾದರೂ ಹೇಳಬಹುದು. ನಮ್ಮ ಮನೆಯಲ್ಲಿ ಅದು ಆಗುವ ಮಾತಾಗಿರಲಿಲ್ಲ. ಎರಡೂ ಮನೆಯ ಒಂದು ಸಾಮಾನೂ ಅಂಗಡಿಯ ರಿಪೇರಿ ಕಂಡಿರಲಿಲ್ಲ. "ನಮ್ಮನೆ ಗಾಡಿ ಅಂಗಡಿ ಮುಂದೆ ನಿಂತರೆ ಊರೋರು ಏನಂತಾರೆ? ಫೋರ್‌ಮನ್ ರಂಗಸ್ವಾಮಿ ಸತ್ತೋದ ಅಂತಾರೆ." ನಮ್ಮವರನ್ನು ಕೇಳಿದರೆ, "ಅಣ್ಣ ಬೇಜಾರು ಮಾಡ್ಕೋತಾನೆ ಕಣೇ" ಎಂದು ಪೇಪರಿನ ಹಾಳೆ ತಿರುಗಿಸಿದರು. ಮಗಳ ಗಲ್ಲದ ಮೇಲೆ ಟಿಂಚರ್ ಹಚ್ಚಿದ್ದ ಹತ್ತಿ ಅಂಟಿಕೊಂಡಿತ್ತು. ಅಣ್ಣನ ಬೇಜಾರು ಅದಕ್ಕಿಂತ ದೊಡ್ಡದಾಗಿತ್ತು.

ಆ ಭಾನುವಾರ ಬೆಳಗ್ಗೆ ಭಾವ ಕಾಫಿಗೆ ಬಂದದ್ದು ಕೊನೆಯ ತೀರ್ಪು ಹೇಳುವುದಕ್ಕೆ.

"ಇವಳಿಗೆ ಸೈಕಲ್ಲು ಆಗಿಬರಲ್ಲ. ಆರತಿ ತಟ್ಟೆ ನೆಟ್ಟಗೆ ಹಿಡಿಯಕ್ಕೆ ಬರಲ್ಲ, ಹ್ಯಾಂಡಲ್ ಬೇರೆ. ದುದ್ದದಲ್ಲಿ ನಿಮ್ಮಕ್ಕನ ತಂಗಿ ಅಂಗನವಾಡಿಗೆ ನಡ್ಕೊಂಡು ಹೋಗ್ತಾಳಂತೆ. ಅವಳ ಗಂಡ ಸಂಜೆ ಬರ್ತಾನೆ. ಸೈಕಲ್ಲನ್ನ ಬಸ್ ಮೇಲೆ ಹಾಕ್ಕೊಂಡು ಹೋಗ್ಲಿ."

"ಟ್ಯೂಷನ್ನು?" ಎಂದೆ.

"ಹೆಣ್ಣುಮಗು. ಮನೇಲೇ ಓದ್ಕೊಳ್ಳಲಿ. ಏನಪ್ಪಾ?"

ಕೊನೆಯ ಎರಡು ಶಬ್ದ ನಮ್ಮವರಿಗೆ. ನಮ್ಮವರು, "ನೀನು ಹೇಳ್ದಂಗೆ" ಎಂದರು.

ಕೊಡುವ ವಸ್ತುವನ್ನು ಸರಿಯಾಗಿ ಕೊಡಬೇಕು ಎಂದು ಭಾವ ಅವತ್ತು ಮತ್ತೊಮ್ಮೆ ಸ್ಟೂಲು ಹಾಕಿ ಕೂತರು. ರೋಹಿಣಿ ಚಕ್ರ ಹಿಡಿದುಕೊಂಡಳು. ಸ್ಪ್ಯಾನರಿನ ಹಿಡಿಗೆ ಕಬ್ಬಿಣದ ಪೈಪೊಂದನ್ನು ಸಿಕ್ಕಿಸಿ ಉದ್ದ ಮಾಡಿಕೊಂಡು, ಆ ಹೊಳೆಯುವ ನಟ್ಟುಗಳನ್ನು ಎರಡೂ ಕಡೆ ತಿರುಗಿಸಿದರು. ನಟ್ಟು ಕಿರ್ರ್ ಎಂದಿತು. "ಇದಕ್ಕಿಂತ ಬಿಗಿ ಮಾಡಿದ್ರೆ ಕಬ್ಬಿಣ ಅಳುತ್ತೆ" ಎಂದು ಎದ್ದರು. ಸೈಕಲ್ಲಿನಲ್ಲಿ ದೋಷವಿಲ್ಲ, ಹುಡುಗಿಯಲ್ಲಿದೆ ಎನ್ನುವವರು ಆ ಸೈಕಲ್ಲನ್ನು ಇನ್ನೊಬ್ಬಳಿಗೆ ಕೊಡುವ ಮೊದಲು ಯಾಕೆ ಬಿಗಿ ಮಾಡುತ್ತಾರೆ ಎಂದು ನನಗೆ ಅನ್ನಿಸಿತು. ಅವರಿಗೆ ಅನ್ನಿಸಲಿಲ್ಲ. ಕೈ ತೊಳೆಯುವ ಅಗತ್ಯವೂ ಅವರಿಗೆ ಬೀಳಲಿಲ್ಲ. ರೋಹಿಣಿಯ ಕೈ ಮೊಣಕೈವರೆಗೂ ಕರ್ರಗಾಗಿತ್ತು.

ಮಧ್ಯಾಹ್ನ ಊಟವಾದ ಮೇಲೆ ಭಾವ ನಡುಗೋಡೆಯ ಆ ಕಡೆ ಮಲಗಿದರು. ಈ ಕಡೆ ನಮ್ಮವರು ಮಲಗಿದರು. ನಾನು ಪಡಸಾಲೆಯಲ್ಲಿ ಸೈಕಲ್ಲಿನ ಪಕ್ಕ ಕೂತು ಸಂಜೆಯ ದೀಪಕ್ಕೆ ಮಲ್ಲಿಗೆ ಕಟ್ಟುತ್ತಿದ್ದೆ. ರೋಹಿಣಿ ಸೋಪು ಹಚ್ಚಿ ಹಚ್ಚಿ ತೊಳೆದ ಕೈಗಳನ್ನು ಮುಂದೆ ಚಾಚಿ ನೋಡಿಕೊಳ್ಳುತ್ತಿದ್ದಳು.

"ಅಮ್ಮ, ನನ್ನ ಕೈನೇ ಸೊಟ್ಟ ಇರಬೇಕು ಅಲ್ವಾ? ನಾನು ನೆಟ್ಟಗೇ ಹಿಡೀತೀನಿ ಅನ್ಕೊಂಡಿದ್ದೆ."

ಟ್ಯೂಷನ್ ಹೋಯಿತು ಎಂದಾಗ ಆಗದಿದ್ದ ಸಂಕಟ ನನಗೆ ಆ ಮಾತಿಗೆ ಆಯಿತು. ಸೈಕಲ್ ಹೋದರೆ ಇನ್ನೊಂದು ತರಬಹುದು. ಹದಿನೈದು ವರ್ಷದ ಹುಡುಗಿ ತನ್ನ ಕೈಯೇ ಸೊಟ್ಟ ಎಂದು ನಂಬಿಬಿಟ್ಟರೆ, ಅದನ್ನು ನೆಟ್ಟಗೆ ಮಾಡುವ ಸ್ಪ್ಯಾನರು ಎಲ್ಲಿ ಸಿಗುತ್ತದೆ?

ಹೂವಿನ ಬುಟ್ಟಿ ಬದಿಗಿಟ್ಟು ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತೆ. ತಟ್ಟಲಿಲ್ಲ, ಸುಮ್ಮನೆ ನೋಡಿದೆ. ಫೋರ್ಕಿನ ತುದಿಯ ಸೀಳಿನಲ್ಲಿ ಅಚ್ಚು ಕೂತಿರುತ್ತದೆ, ನಟ್ಟು ಅದನ್ನು ಹೊರಗಿನಿಂದ ಒತ್ತಿ ಹಿಡಿಯಬೇಕು. ಅಲ್ಲಿ ಬಣ್ಣ ಕೆರೆದು, ಚಿಕ್ಕ ಬಿದಿಗೆ ಚಂದ್ರನ ಆಕಾರದಲ್ಲಿ ಕಬ್ಬಿಣ ಮಿರಮಿರ ಮಿಂಚುತ್ತಿತ್ತು. ಅಚ್ಚು ಅಲ್ಲಿ ಜಾರಿ ಜಾರಿ ಉಜ್ಜಿದ ಗುರುತು. ಬಿಗಿಯಾಗಿ ಹಿಡಿದ ವಸ್ತು ಜಾರುವುದಿಲ್ಲ. ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಪಕ್ಕಕ್ಕೆ ಒತ್ತಿದೆ. ಟಿಕ್ ಎಂದು ಸಣ್ಣ ಸದ್ದು ಮಾಡಿ ಒಂದು ಕೂದಲೆಳೆಯಷ್ಟು ಸರಿಯಿತು. ಪೈಪು ಹಾಕಿ ಬಿಗಿ ಮಾಡಿ ಇನ್ನೂ ಐದು ತಾಸೂ ಕಳೆದಿರಲಿಲ್ಲ.

ಕೈಯಲ್ಲಿ ಹೂವಿನ ದಾರವಿತ್ತು. ಅದನ್ನು ನಟ್ಟಿಗೂ ಫೋರ್ಕಿಗೂ ನಡುವೆ ತಂದು ಎಳೆದೆ. ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆಯಿಂದ ಬಂತು.

ನಟ್ಟನ್ನು ತಿರುಗಿಸಿ ನೋಡಿದೆ, ಅಲುಗಲಿಲ್ಲ. ಅದು ಬಿಗಿಯಾಗಿಯೇ ಇತ್ತು. ಬಿಗಿಯಾಗಿದ್ದೂ ಏನನ್ನೂ ಹಿಡಿದಿರಲಿಲ್ಲ. ಬೆಳಗಿನ ಉಪ್ಪಿನಕಾಯಿ ಬಾಟಲಿ ಕಣ್ಣ ಮುಂದೆ ಬಂತು. ಎದ್ದು ಹೋಗಿ ಅದನ್ನು ಬೆಳಕಿಗೆ ಹಿಡಿದೆ. ಮುಚ್ಚಳದ ಅಂಚು ಕೆಳಗೆ ಬಾಟಲಿಯ ಹೆಗಲಿಗೆ ತಾಗಿ ನಿಂತಿತ್ತು. ಅದಕ್ಕೇ ಇನ್ನು ತಿರುಗುತ್ತಿರಲಿಲ್ಲ. ಒಳಗೆ ಬಾಟಲಿಯ ಬಾಯಿಗೂ ಮುಚ್ಚಳಕ್ಕೂ ನಡುವೆ ಜಾಗ ಹಾಗೇ ಇತ್ತು. ನಟ್ಟಿನದೂ ಇದೇ ಕಥೆ, ತಲೆಕೆಳಗಾಗಿ. ಅಚ್ಚಿನ ತುದಿ ಗುಮ್ಮಟದ ಒಳಮೇಲ್ಭಾಗಕ್ಕೆ ಹೋಗಿ ತಾಗುತ್ತಿತ್ತು, ನಟ್ಟು ಅಲ್ಲೇ ನಿಲ್ಲುತ್ತಿತ್ತು, ಅದರ ಬುಡ ಮಾತ್ರ ಫೋರ್ಕನ್ನು ಮುಟ್ಟುತ್ತಲೇ ಇರಲಿಲ್ಲ. ನಡುವಿನ ಜಾಗ ತುಂಬುತ್ತಿದ್ದ ದಪ್ಪ ವಾಷರನ್ನು ಭಾವ ತೂಕದ ಸಾಮಾನೆಂದು ಎಸೆದಿದ್ದರು. ಇನ್ನು ಎಷ್ಟು ಬಿಗಿ ಮಾಡಿದರೂ ಅವರು ಬಿಗಿ ಮಾಡುತ್ತಿದ್ದದ್ದು ಅಲಂಕಾರವನ್ನು.

ಡಬ್ಬಿ ಇಳಿಸಿದೆ. ಹಳೆಯ ನಟ್ಟು ಎರಡು, ಹಲ್ಲಿನ ವಾಷರು ಎರಡು, ಸೈಕಲ್ಲಿನ ಜೊತೆಗೇ ಬಂದಿದ್ದ ಚಪ್ಪಟೆ ಸ್ಪ್ಯಾನರು. ಪೈಪು ಹಾಕಿ ಬಿಗಿದದ್ದು ನನ್ನ ಕೈಗೆ ಬಗ್ಗಲಿಲ್ಲ. ರೋಹಿಣಿ ಸ್ಪ್ಯಾನರಿನ ಮೇಲೆ ಕಾಲಿಟ್ಟು ನಿಂತಳು. ಟಕ್ ಎಂದು ಬಿಟ್ಟಿತು. ಗುಮ್ಮಟವನ್ನು ಮಗುಚಿ ಒಳಗೆ ನೋಡಿದರೆ ನಡುಮಧ್ಯೆ ಅಚ್ಚಿನ ತುದಿ ಒತ್ತಿದ ಒಂದು ಹೊಳೆಯುವ ಚುಕ್ಕೆ. ರೋಹಿಣಿಗೆ ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಮೊದಲು ವಾಷರು, ಅದರ ಮೇಲೆ ಹಳೆಯ ನಟ್ಟು, ಎರಡೂ ಕಡೆ ಅವಳ ಕೈಯಲ್ಲೇ ಹಾಕಿಸಿದೆ. ಹೂವಿನ ದಾರ ಕೊಟ್ಟೆ. ಈ ಸಲ ದಾರ ಹೋಗಲಿಲ್ಲ. ಚಕ್ರವನ್ನು ಮಂಡಿಗಳ ನಡುವೆ ಹಿಡಿದು ತಿರುಚಿದಳು. ಕದಲಲಿಲ್ಲ.

"ನಿನ್ನ ಕೈ ಸೊಟ್ಟ ಇಲ್ಲ" ಎಂದೆ.

ಅವಳು ಆ ಎರಡು ಗುಮ್ಮಟಗಳನ್ನು ಮುಷ್ಟಿಯಲ್ಲಿ ಹಿಡಿದು ಎದ್ದಳು. "ದೊಡ್ಡಪ್ಪನ್ನ ಎಬ್ಬಿಸಿ ತೋರಿಸ್ತೀನಿ."

"ಬೇಡ."

"ಯಾಕೆ? ಅವ್ರೇ ಹಾಕಿದ್ದು. ಎಲ್ಲಾರ ಮುಂದೆ ನನ್ನನ್ನ ಬೈದ್ರು."

"ತೋರಿಸಿದ್ರೆ ಅವ್ರು ಸೋತಂಗಾಗುತ್ತೆ. ಸೋತೋರು ಹಟಕ್ಕಾದ್ರೂ ಸೈಕಲ್ಲನ್ನ ಬಸ್ ಹತ್ತಿಸ್ತಾರೆ. ನಿಮ್ಮಪ್ಪ ತಡೆಯಲ್ಲ. ನಿನಗೆ ಸೈಕಲ್ ಬೇಕೋ, ಮಾತು ಬೇಕೋ?"

ರೋಹಿಣಿ ಗುಮ್ಮಟಗಳನ್ನು ನನ್ನ ಮಡಿಲಿಗೆ ಹಾಕಿದಳು. ಬೆಳಗ್ಗೆಯಿಂದ ನಾನು ಭಾವನನ್ನು ಯಾವ ಕಣ್ಣಿನಿಂದ ನೋಡುತ್ತಿದ್ದೆನೋ ಅದೇ ಕಣ್ಣಿನಿಂದ ಅವಳು ಒಂದು ಕ್ಷಣ ನನ್ನನ್ನು ನೋಡಿದಳು. ನಾನು ಹೂವಿನ ಬುಟ್ಟಿ ಎಳೆದುಕೊಂಡೆ.

ಭಾವನನ್ನು ಕೊನೆಯ ಸಲ ನೋಡಿದ್ದು ಇದಾಗಿ ಏಳೆಂಟು ವರ್ಷಗಳ ಮೇಲೆ, ಹಾಸನದ ಒಂದು ಆಸ್ಪತ್ರೆಯಲ್ಲಿ. ಮಂಚದ ಪಕ್ಕ ಗ್ಲೂಕೋಸ್ ಬಾಟಲಿ ನೇತು ಹಾಕಿದ್ದರು. ನನ್ನನ್ನು ಹತ್ತಿರ ಕರೆದು, ಕೊಳವೆಯ ಮೇಲಿನ ಸಣ್ಣ ಚಕ್ರವನ್ನು ಕಣ್ಣಲ್ಲೇ ತೋರಿಸಿ, "ಶಾರದಾ, ಇದು ನೋಡು, ತೊಟ್ಟಿಕ್ತಾ ಇದೆ. ಬಿಗಿ ಸಾಲ್ದು" ಎಂದರು. ನಾನು ಏನಾದರೂ ಹೇಳುವ ಮೊದಲೇ ಆ ಬೆಳ್ಳನೆಯ ಉಗುರಿನ ಹೆಬ್ಬೆರಳು ಚಕ್ರವನ್ನು ಕೊನೆಯವರೆಗೂ ಉರುಳಿಸಿತ್ತು. ತೊಟ್ಟಿಕ್ಕುವುದು ನಿಂತಿತು. ಭಾವನಿಗೆ ಸಮಾಧಾನವಾಯಿತು. ನರ್ಸ್ ಬಂದು, "ಯಾರ್ರೀ ಇದನ್ನ ಮುಟ್ಟಿದ್ದು?" ಎಂದಾಗ ಅವರು ನನ್ನ ಕಡೆ ನೋಡಿದರು. ನಾನೇ ಮುಟ್ಟಿದೆ ಎಂದು ಬೈಸಿಕೊಂಡೆ. ಆ ವಾರವೇ ಅವರು ಹೋದರು. ಸ್ಪ್ಯಾನರುಗಳು ನಮ್ಮ ಪಾಲಿಗೆ ಬಂದವು. ರವಿಕೆಯ ತುಂಡು ಬಿಚ್ಚಿ ನೋಡಿದರೆ ಅಂಗಡಿಯಿಂದ ತಂದ ದಿನದ ಹಾಗೆ ಹೊಳೆಯುತ್ತಿದ್ದವು. ಹದಿಮೂರನೆಯ ದಿನ ಊಟಕ್ಕೆ ಬಂದವರೆಲ್ಲ ಅವರ ಕೈಗುಣವನ್ನೇ ಹೊಗಳಿದರು. ನಾನು ಪಲ್ಯ ಬಡಿಸುತ್ತಿದ್ದೆ. ಬಡಿಸುವಾಗ ಮಾತಾಡುವ ಅಭ್ಯಾಸ ನನಗಿಲ್ಲ.

ಆ ಭಾನುವಾರದ ಸಂಜೆಯನ್ನು ಮುಗಿಸಬೇಕು. ಐದು ಗಂಟೆಗೆ ದುದ್ದದಿಂದ ಅಕ್ಕನ ತಂಗಿಯ ಗಂಡ ಬಂದರು. ವಾಪಸ್ ಹೋಗುವ ಬಸ್ಸು ತಪ್ಪುತ್ತದೋ ಎಂದು ಚಡಪಡಿಸುತ್ತಾ ಜಗಲಿಯ ತುದಿಯಲ್ಲಿ ಕೂತು ಕಾಫಿ ಕುಡಿದರು. ಭಾವ ಹಗ್ಗ ತಂದಿದ್ದರು.

ನಾನು ಲೋಟ ತೆಗೆದುಕೊಳ್ಳುವ ನೆಪದಲ್ಲಿ ಹೇಳಿದೆ: "ಭಾವ, ಬೆಳಗ್ಗೆ ಅಷ್ಟು ಕಷ್ಟಪಟ್ಟು ಬಿಗಿ ಮಾಡಿದ್ರಲ್ಲ. ಕಳಿಸೋಕ್ ಮುಂಚೆ ಒಂದು ರೌಂಡ್ ಓಡಿಸಿ ನೋಡ್ಬಿಡೋಣ. ನಿಮ್ಮ ಕೈಕೆಲಸ ಇವರೂ ನೋಡಲಿ."

ನೋಡುವವರು ಇದ್ದಾರೆ ಎಂದರೆ ಭಾವ ಬೇಡ ಎಂದವರಲ್ಲ. "ಓಡ್ಸೇ" ಎಂದರು.

ರೋಹಿಣಿ ಹತ್ತಿದಳು. ಬೀದಿಯ ಕೊನೆಯವರೆಗೆ ಹೋಗಿ, ಚರಂಡಿಯ ಮೇಲಿನ ಎಗುಡು ದಿಗುಡು ಕಲ್ಲುಚಪ್ಪಡಿ ಹತ್ತಿಸಿ, ದಡಕ್ಕೆಂದು ಇಳಿಸಿ, ಜೋರಾಗಿ ತುಳಿದುಕೊಂಡು ಬಂದು ಭಾವನ ಕಾಲ ಬುಡದಲ್ಲೇ ಬ್ರೇಕ್ ಹಿಡಿದಳು. ಚಕ್ರ ನೆಟ್ಟಗೆ ನಿಂತಿತ್ತು. ಮತ್ತೆ ಹೋದಳು, ಮತ್ತೆ ಚಪ್ಪಡಿ, ಮತ್ತೆ ಬ್ರೇಕ್. ಮೂರನೆಯ ಸಲ ಭಾವನೇ ಎರಡು ಹೆಜ್ಜೆ ಹಿಂದೆ ಸರಿದರು. ಎದುರು ಮನೆಯ ಪುಟ್ಟಮ್ಮ ಹಾಲು ಕರೆಯುವ ತಂಬಿಗೆ ಹಿಡಿದು ತಮ್ಮ ಗೇಟಿನಲ್ಲಿ ನಿಂತು ನೋಡುತ್ತಿದ್ದರು.

"ನೋಡಿದ್ಯೇನಯ್ಯಾ" ಎಂದು ಭಾವ ದುದ್ದದವರ ಕಡೆ ತಿರುಗಿದರು. "ಕೊನೇ ಕಾಲು ಸುತ್ತು ಅಂತ ಒಂದಿರುತ್ತೆ. ಬೆಳಗ್ಗೆ ಕೊಟ್ಟಿದ್ದೆ. ಕಬ್ಬಿಣಕ್ಕೆ ಇಳಿಯೋಕೆ ಸಂಜೆವರೆಗೂ ಟೈಮ್ ತಗೊಳುತ್ತೆ. ಅಂಗಡಿಯೋನಿಗೆ ಇದು ಗೊತ್ತಾಗುತ್ತಾ?"

"ಮಗು ಇಷ್ಟು ಚೆನ್ನಾಗಿ ಓಡಿಸ್ತಿದೆ. ಕಿತ್ಕೊಂಡು ಹೋಗೋದು ಸರಿ ಅಲ್ಲ ಬಿಡಿಯಣ್ಣ" ಎಂದರು ಅವರು. ಸೈಕಲ್ಲನ್ನು ಬಸ್ಸಿನ ಮೇಲೆ ಹತ್ತಿಸುವ ಕೆಲಸ ತಪ್ಪಿದ ನೆಮ್ಮದಿ ಅವರ ಮುಖದಲ್ಲಿತ್ತು. ಉಳಿದ ಕಾಫಿ ಬಿಟ್ಟು ಬಸ್‌ಸ್ಟ್ಯಾಂಡಿನ ಕಡೆ ಓಡಿದರು.

"ಇರಲಿ, ಇವಳೇ ಇಟ್ಕೊಳ್ಳಲಿ. ಈಗ ಯಾರು ಓಡಿಸಿದ್ರೂ ಬೀಳಲ್ಲ" ಎಂದು ಭಾವ ಬಗ್ಗಿ ಮುಂದಿನ ಚಕ್ರವನ್ನು ಪ್ರೀತಿಯಿಂದ ತಟ್ಟಿದರು. ಅವರ ಅಂಗೈಯಿಂದ ಒಂದು ಗೇಣು ದೂರದಲ್ಲಿ ಹಳೆಯ ಮಂಕು ನಟ್ಟು ಇತ್ತು. ತಾವೇ ತಂದು, ತಾವೇ ಹಾಕಿ, ಕುಂಕುಮ ಇಟ್ಟು, ಅವತ್ತು ಬೆಳಗ್ಗೆ ತಾವೇ ಪೈಪು ಹಾಕಿ ತಿರುಗಿಸಿದ ಆ ಗುಮ್ಮಟಗಳು ಅಲ್ಲಿಲ್ಲ ಎನ್ನುವುದು ಅವರಿಗೆ ಕಾಣಲಿಲ್ಲ. ಆಮೇಲೂ ಕಾಣಲಿಲ್ಲ. ಎಂದೂ ಕಾಣಲಿಲ್ಲ. ರೋಹಿಣಿ ನನ್ನ ಕಡೆ ನೋಡಿದಳು. ತುಟಿ ಕಚ್ಚಿ ನಗು ತಡೆದುಕೊಂಡಿದ್ದಳು. ಮಧ್ಯಾಹ್ನದ ಆ ನೋಟವನ್ನು ಅವಳು ಮರೆತಿರಬಹುದು ಎಂದುಕೊಂಡೆ.

ದೀಪ ಹಚ್ಚಿ, ಹೂವು ಮುಡಿಸಿ, ಗೇಟು ಹಾಕಲು ಬಂದಾಗ ಪುಟ್ಟಮ್ಮ ಮತ್ತೆ ತಮ್ಮ ಗೇಟಿಗೆ ಬಂದು ನಿಂತಿದ್ದರು. ಎಮ್ಮೆಗೆ ಹಾಕಿದ ಹಿಂಡಿಯ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಅಂದರು:

"ನಿಮ್ ಬಾವೋರ್ ಕೈಗುಣ ಕೈಗುಣವೇ ಕಣ್ರವ್ವ. ನಮ್ಮನೆ ಗ್ರೈಂಡ್ರೂ ಯಾಕೋ ಒಂಥರಾ ಸದ್ದು ಮಾಡ್ತದೆ. ನಾಳೀಕೆ ಒಸಿ ಕಳ್ಸಿಕೊಡಿ."